ಬೆಣ್ಣೆ ಬಿಸ್ಕತ್ತುಗಳು

ಮೈದಾ, ಬೆಣ್ಣೆ, ಸಕ್ಕರೆ ಈ ಮೂರನ್ನೇ ನೆಚ್ಚಿಕೊಂಡು ಮಾಡುವ, ಬಾಯಲ್ಲಿಟ್ಟರೆ ಪುಡಿಯಾಗುವ ಬೇಕರಿ ತಿನಿಸುಗಳ ವರ್ಗ. ಸ್ಕಾಟ್ಲೆಂಡಿನ ಶಾರ್ಟ್‌ಬ್ರೆಡ್, ಫ್ರಾನ್ಸಿನ ಸಾಬ್ಲೆ, ಜರ್ಮನಿಯ ಸ್ಪ್ರಿಟ್ಸ್, ಭಾರತದ ನಾನ್‌ಖಟಾಯಿ ಇದರ ಹೆಸರಾಂತ ಬಗೆಗಳು. ಸಾಮಗ್ರಿ ಹೆಚ್ಚುಕಡಿಮೆ ಒಂದೇ ಆದರೂ ಜಿಡ್ಡು ಎಷ್ಟು, ಅದರಲ್ಲಿ ನೀರೆಷ್ಟು, ಮೊಟ್ಟೆ ಬಿತ್ತೋ ಇಲ್ಲವೋ ಎಂಬುದರ ಮೇಲೆ ಹದ ಬದಲಾಗುತ್ತದೆ.

ಇವುಗಳಲ್ಲಿ ತೀರ ಸರಳವಾದದ್ದು ಶಾರ್ಟ್‌ಬ್ರೆಡ್. ತೂಕದಲ್ಲಿ 1 ಪಾಲು ಸಕ್ಕರೆ, 2 ಪಾಲು ಬೆಣ್ಣೆ, 3 ಪಾಲು ಹಿಟ್ಟು ಎಂಬುದು ರೂಢಿಯ ಲೆಕ್ಕ. ಸೋಡವೂ ಇಲ್ಲ, ಮೊಟ್ಟೆಯೂ ಇಲ್ಲ. ಹೆಸರಿನ ‘ಶಾರ್ಟ್’ ಗಿಡ್ಡತನದ್ದಲ್ಲ. ಮುಟ್ಟಿದರೆ ಮುರಿಯುವ ಗುಣಕ್ಕೆ ಇಂಗ್ಲಿಷಿನಲ್ಲಿದ್ದ ಹಳೆಯ ಮಾತು. ಬೆಣ್ಣೆ ಹಿಟ್ಟಿನ ಕಣಗಳಿಗೆ ಸವರಿಕೊಂಡರೆ ಅವಕ್ಕೆ ನೀರು ಸರಿಯಾಗಿ ತಾಗದು, ಗ್ಲುಟೆನ್ ಎಳೆಗಟ್ಟದು. ಚಪಾತಿ ಹಿಟ್ಟನ್ನು ನಾದಿದಷ್ಟೂ ಒಳ್ಳೆಯದು. ಇದನ್ನು ನಾದಿದರೆ ಕೆಟ್ಟಿತು. ಮುಷ್ಟಿಯಲ್ಲಿ ಹಿಡಿದಾಗ ಉಂಡೆ ನಿಂತರೆ ಕೈ ತೆಗೆಯಬೇಕು. ಗರಿಗರಿ ಬೇಕೆನ್ನುವವರು ಒಂದಿಷ್ಟು ಅಕ್ಕಿಹಿಟ್ಟು ಬೆರೆಸುತ್ತಾರೆ. ಮೇಲೆ ಫೋರ್ಕಿನಿಂದ ಚುಚ್ಚಿ, ಸಣ್ಣ ಉರಿಯಲ್ಲಿ ಬಣ್ಣ ಏರದಂತೆ ಬೇಯಿಸುತ್ತಾರೆ. ಸ್ಕಾಟ್ಲೆಂಡಿನಲ್ಲಿ ಹೊಸ ವರ್ಷದ ಹಬ್ಬಕ್ಕೆ ಇದು ಬೇಕೇ ಬೇಕು.

ಸಾಬ್ಲೆ ಎಂದರೆ ಫ್ರೆಂಚಿನಲ್ಲಿ ಮರಳು ಮರಳಾದದ್ದು ಎಂದರ್ಥ. ಬ್ರಿಟನಿ ಪ್ರಾಂತ್ಯದವರು ಉಪ್ಪು ಬೆಣ್ಣೆಯ ಜೊತೆಗೆ ಮೊಟ್ಟೆಯ ಹಳದಿಯನ್ನೂ ಧಾರಾಳವಾಗಿ ಹಾಕುವುದರಿಂದ ಅವರದ್ದಕ್ಕೆ ಬಂಗಾರದ ಬಣ್ಣ. ಸ್ಪ್ರಿಟ್ಸ್‌ನ ಹಿಟ್ಟು ಇನ್ನೂ ಮೆದು. ನಮ್ಮ ಚಕ್ಕುಲಿ ಒರಳಿನಂಥದೇ ಸಾಧನದಲ್ಲಿ ಒತ್ತಿ ಹೂವು, ಬಳೆಗಳ ಆಕಾರ ತರುತ್ತಾರೆ. ನೀಲಿ ಡಬ್ಬಿಯ ಡೆನ್ಮಾರ್ಕ್ ಬಿಸ್ಕತ್ತುಗಳೂ ಇದರ ಹತ್ತಿರದ ನಂಟರೇ. ತಿಂದು ಮುಗಿದ ಮೇಲೆ ಆ ಡಬ್ಬಿಗೆ ಸೂಜಿದಾರ ಸೇರುವುದು ಮಾತ್ರ ಯಾವ ದೇಶದಲ್ಲೂ ತಪ್ಪಿದಂತಿಲ್ಲ.

ಸೂರತ್ ನಗರದೊಂದಿಗೆ ಹೆಸರು ಬೆಸೆದುಕೊಂಡಿರುವ ನಾನ್‌ಖಟಾಯಿಗೆ ಬೆಣ್ಣೆಯ ಬದಲು ತುಪ್ಪ. ಬೆಣ್ಣೆಯಲ್ಲಿ ಸುಮಾರು 80% ಜಿಡ್ಡಾದರೆ 16%ರಷ್ಟು ನೀರು. ಕಾಯಿಸಿದ ತುಪ್ಪದಲ್ಲಿ ನೀರು ಉಳಿದಿರುವುದೇ ಇಲ್ಲವೆನ್ನಬಹುದು. ಜೊತೆಗೆ ಕಡಲೆಹಿಟ್ಟು, ರವೆ ಸೇರುವುದರಿಂದ ನಾನ್‌ಖಟಾಯಿ ಶಾರ್ಟ್‌ಬ್ರೆಡ್ಡಿಗಿಂತಲೂ ಬೇಗ ಉದುರುತ್ತದೆ. ಮೇಲ್ಮೈಯ ಬಿರುಕು ಇಲ್ಲಿ ದೋಷವಲ್ಲ, ಲಕ್ಷಣ. ಏಲಕ್ಕಿ ಇಲ್ಲದಿದ್ದರೆ ಅದನ್ನು ನಾನ್‌ಖಟಾಯಿ ಎನ್ನಲು ನಾಲಿಗೆ ಬಾರದು.

ಕರ್ನಾಟಕದ ಅಯ್ಯಂಗಾರ್ ಬೇಕರಿಗಳ ಬೆಣ್ಣೆ ಬಿಸ್ಕತ್ತಿಗೆ ಮೊಟ್ಟೆ ಬೀಳುವುದಿಲ್ಲ. ಬೆಣ್ಣೆಯೂ ಎಷ್ಟೋ ಕಡೆ ಹೆಸರಿಗಷ್ಟೇ, ಒಳಗಿರುವುದು ವನಸ್ಪತಿ. ಪತ್ತೆ ಹಚ್ಚುವುದು ಕಷ್ಟವಲ್ಲ. ಬೆಣ್ಣೆ ಬಾಯಿಯ ಬಿಸಿಗೇ ಕರಗಿ ಹೋಗುತ್ತದೆ. ಗಟ್ಟಿ ವನಸ್ಪತಿ ಪೂರ್ತಿ ಕರಗದೆ, ಕಾಫಿ ಕುಡಿದ ಮೇಲೂ ಅಂಗುಳಿಗೆ ಮೇಣದಂತೆ ಅಂಟಿಕೊಂಡಿರುತ್ತದೆ.