ಮಳಖೇಡದ ವೈದ್ಯವೂ ಗೃಧ್ರಸೀವಾತವೂ

ಸೇಡಂ ತಾಲ್ಲೂಕಿನ ಮಳಖೇಡವು ಈಗ ಕಾಗಿಣಾ ನದಿಯ ದಡದ ಒಂದು ಸಾಮಾನ್ಯ ಊರು. ರಾಷ್ಟ್ರಕೂಟರ ಕಾಲಕ್ಕೆ ಇದೇ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನು ಇಲ್ಲಿಂದಲೇ ಆಳಿದನು. 'ಕವಿರಾಜಮಾರ್ಗ'ದ ನೆನಪಿಗಾಗಿ ನಾವು ಈ ಊರಿಗೆ ಕೈಮುಗಿಯುತ್ತೇವೆ. ವೈದ್ಯಶಾಸ್ತ್ರದ ನೆನಪಿಗಾಗಿಯೂ ಮುಗಿಯಬೇಕು. ಉಗ್ರಾದಿತ್ಯಾಚಾರ್ಯನ ಸಂಸ್ಕೃತ 'ಕಲ್ಯಾಣಕಾರಕ'ವು ಮದ್ಯಮಾಂಸಗಳನ್ನು ವರ್ಜಿಸಿ ಚಿಕಿತ್ಸೆಯನ್ನು ಹೇಳುವ ಗ್ರಂಥ. ನೃಪತುಂಗನ ಸಭೆಯಲ್ಲಿ ವೈದ್ಯರೆದುರು ಆತನು ಮಾಂಸಸೇವನೆಯ ನಿಷ್ಫಲತೆಯನ್ನು ವಾದಿಸಿದನೆಂದು ಅದರ ಕೊನೆಯಲ್ಲಿ ಹೇಳಿದೆ. ಈ ನೃಪತುಂಗನು ಅಮೋಘವರ್ಷನೇ ಎಂಬುದು ಹಲವು ವಿದ್ವಾಂಸರ ಮತ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ 'ಕಲ್ಯಾಣಕಾರಕ'ವನ್ನು ಕನ್ನಡಕ್ಕೆ ತಂದನು. ವೈದ್ಯವು ಜನರ ನುಡಿಯಲ್ಲಿರಬೇಕೆಂಬ ಅರಿವು ನಮ್ಮಲ್ಲಿ ಅಷ್ಟು ಹಳೆಯದು.

ಶಹಾಬಾದ, ವಾಡಿ, ಚಿತ್ತಾಪುರಗಳ ಗಣಿಗಳಲ್ಲಿ ಫರಸಿಕಲ್ಲು ಎತ್ತುವವರಿಗೂ ಚಿಂಚೋಳಿಯ ಹೊಲಗಳಲ್ಲಿ ಬಗ್ಗಿ ತೊಗರಿ ಕೊಯ್ಯುವವರಿಗೂ ನಡುನೋವು ಹೊಸದಲ್ಲ. ಅದು ಪಿರ್ರೆಯಿಂದಿಳಿದು ತೊಡೆ, ಮೊಣಕಾಲು, ಮೀನಖಂಡಗಳ ಮೂಲಕ ಪಾದಕ್ಕೆ ಹರಿದರೆ ಆಯುರ್ವೇದವು 'ಗೃಧ್ರಸೀ' ಎನ್ನುತ್ತದೆ. ಗೃಧ್ರವೆಂದರೆ ಹದ್ದು, ರೋಗಿಯ ನಡಿಗೆ ಹದ್ದಿನಂತೆ ಕುಂಟಾಗುವುದರಿಂದ ಈ ಹೆಸರೆಂದು ಹೇಳುವುದುಂಟು. ಚರಕನು ಇದನ್ನು 80 ವಾತರೋಗಗಳಲ್ಲಿ ಎಣಿಸಿ, ವಾತದಿಂದಾದುದು, ವಾತಕಫಗಳಿಂದಾದುದು ಎಂದು ಎರಡಾಗಿ ವಿಂಗಡಿಸಿದನು. ಕಾಲನ್ನು ಎತ್ತಲಾಗದಿರುವುದೇ ಇದರ ಗುರುತೆಂದು ಸುಶ್ರುತನು ಹೇಳಿದನು. ಇಂದಿನ ಡಾಕ್ಟರರೂ ರೋಗಿಯನ್ನು ಮಲಗಿಸಿ ನೆಟ್ಟಗೆ ಕಾಲೆತ್ತಿಸಿ ನೋಡುವುದುಂಟಷ್ಟೆ!

ಚಿಕಿತ್ಸೆಯಾಗಿ ಚರಕನು ಸಿರಾವ್ಯಧ, ಬಸ್ತಿ, ಅಗ್ನಿಕರ್ಮಗಳನ್ನು ವಿಧಿಸಿದನು. 11ನೆಯ ಶತಮಾನದ ಚಕ್ರಪಾಣಿದತ್ತನು ಪಾರಿಜಾತದ ಎಲೆಯ ಕಷಾಯವನ್ನೂ ಔಡಲೆಣ್ಣೆಯನ್ನೂ ಹೇಳಿದನು. ಲಕ್ಕಿ ಸೊಪ್ಪಿನ ಶಾಖವನ್ನು ನಮ್ಮ ಅಜ್ಜಿಯರೂ ಬಲ್ಲರು.

ಆದರೆ ಶಾಸ್ತ್ರವು ಬೇರೆ, ಅದರ ನೆರಳು ಬೇರೆ. ನನ್ನ ವಿದ್ಯಾರ್ಥಿಯೊಬ್ಬನ ತಂದೆ ಕಲ್ಲುಗಣಿಯ ಕೆಲಸಗಾರರು. ನೋವು ತಾಳಲಾರದೆ ನಡುವಿಗೆ ಕಾಸಿದ ಕಬ್ಬಿಣದ ಬರೆ ಹಾಕಿಸಿಕೊಂಡರು. ಬರೆ ಹುಣ್ಣಾಯಿತು, ನೋವು ಉಳಿಯಿತು. ಅಗ್ನಿಕರ್ಮವು ಪಳಗಿದ ಕೈಯ ವಿದ್ಯೆ; ಬರೆಯು ಅದರ ಅಪಭ್ರಂಶ.

ಬೆನ್ನೆಲುಬಿನ ಮಣಿಗಳ ನಡುವಣ ಮೆತ್ತೆ ಹೊರಚಾಚಿ ನರದ ಬುಡವನ್ನು ಒತ್ತುವುದೂ ಈ ನೋವಿಗೆ ಕಾರಣವೆಂಬುದನ್ನು 1934ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ತೋರಿಸಿಕೊಟ್ಟರು. ಬಹುಮಂದಿಗೆ ಕೆಲವು ವಾರಗಳಲ್ಲಿ ನೋವು ತಾನಾಗಿಯೇ ತಗ್ಗುತ್ತದೆ. ಆದ್ದರಿಂದ ಕೊನೆಗೆ ಕುಡಿದ ಕಷಾಯಕ್ಕೇ ಎಲ್ಲ ಕೀರ್ತಿಯನ್ನೂ ಕೊಡಬಾರದು. ಹಾಸಿಗೆ ಹಿಡಿಯದೆ ಮೆಲ್ಲನೆ ನಡೆದಾಡುವುದು ಲೇಸು. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಪಾದ ಸೋತು ಜೋತುಬಿದ್ದರೆ, ಒಂದು ದಿನವೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ರೂಢಿಯನ್ನೂ ವಾದಕ್ಕೆ ಒಡ್ಡಿ ಪರೀಕ್ಷಿಸಿದ ಸಭೆ ಮಾನ್ಯಖೇಟದ್ದು. ಅದರ ನೆಲದಲ್ಲಿರುವ ನಾವು ಬರೆಯ ಕಬ್ಬಿಣವನ್ನು ಇನ್ನಾದರೂ ಒಲೆಯಿಂದ ತೆಗೆದಿಡೋಣ.