ಪಟ್ಟವೇರಿದ ಪಿಯಾನೊ ವಾದಕ

ಲಂಡನ್ನಿನ ಸಂತ ಮಾರ್ಟಿನರ ದೇವಾಲಯದಲ್ಲಿ ಮಧ್ಯಾಹ್ನದ ಬಿಡುವಿನ ವೇಳೆ ಯುವ ವಾದಕರು ಪಿಯಾನೊ ನುಡಿಸುವ ರೂಢಿ ಬಹುಕಾಲದ್ದು. ಅಂಥ ವೇದಿಕೆಗಾಗಿ ಹಂಬಲಿಸಿದ ಕನ್ನಡಿಗರೊಬ್ಬರು ನಮಗೆ ಅಪರಿಚಿತರಲ್ಲ. 1953ರಲ್ಲಿ ಹೊಸಪೇಟೆ, ಸಂಡೂರು, ಕಂಪ್ಲಿಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ರಾಜಪ್ರಮುಖರಾಗಿದ್ದ ಜಯಚಾಮರಾಜ ಒಡೆಯರೇ ಅವರು.

1940ರಲ್ಲಿ ಮೊದಲು ತಂದೆ, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ನಿಧನರಾದರು. (ಮೈಸೂರಿನ ಸಂತ ಫಿಲೋಮಿನಾ ದೇವಾಲಯಕ್ಕೆ 1933ರಲ್ಲಿ ಅಡಿಗಲ್ಲಿಟ್ಟವರು ಆ ದೊಡ್ಡಪ್ಪನವರೇ.) ಇಪ್ಪತ್ತೊಂದರ ಹರೆಯದಲ್ಲಿ ಪಟ್ಟ ಬಂದಿತು, ವೇದಿಕೆ ದೂರವಾಯಿತು.

ಆಸೆ ಮಾತ್ರ ಆರಲಿಲ್ಲ. ಲಂಡನ್ನಿನಲ್ಲಿ ಬಡತನ, ಕಾಯಿಲೆಗಳಿಂದ ನಲುಗುತ್ತಿದ್ದ ರಷ್ಯದ ಸಂಗೀತಕಾರ ಮೆಟ್ನರರು ತಮ್ಮ ಕೃತಿಗಳನ್ನು ತಾವೇ ನುಡಿಸಿ ಧ್ವನಿಮುದ್ರಿಸಲು ಒಡೆಯರು ಹಣ ಒದಗಿಸಿದರು. ಮೆಟ್ನರರ ಮೂರನೆಯ ಪಿಯಾನೊ ಕಾಂಚೆರ್ಟೊ ಒಡೆಯರಿಗೆ ಅರ್ಪಿತವಾಗಿದೆ. 1951ರಲ್ಲಿ ಅವರು ತೀರಿಕೊಂಡರು. ಆ ಮುದ್ರಿಕೆಗಳು ಇಂದಿಗೂ ಕೇಳಲು ಸಿಗುತ್ತವೆ.