ಬಸ್ಸಿನಿಂದ ನೋಡಿದರೂ ಅದೇ ಕಪ್ಪು ಗೆರೆ

ನಾನು ಹತ್ತನೇ ತರಗತಿಯಲ್ಲಿದ್ದ ವರ್ಷದ ಮಳೆಗಾಲ. ಕರೆಂಟು ಹೋಗಿತ್ತು. ವಿಜ್ಞಾನದ ಮಾಸ್ಟ್ರು ಚಿಮಿಣಿ ದೀಪದ ಮಸಿ ಹಿಡಿಸಿದ ಗಾಜಿನ ತುಂಡಿನ ಮೇಲೆ ಎರಡು ಬ್ಲೇಡುಗಳನ್ನು ಜೋಡಿಸಿ ಒಮ್ಮೆ ಗೀರಿದರು. ಸುಳ್ಯದ ಜಾತ್ರೆಯಲ್ಲಿ ಕೊಂಡ ಲೇಸರ್ ಟಾರ್ಚೊಂದನ್ನು ಹಿಂದಿನ ವಾರ ಒಬ್ಬ ಹುಡುಗನಿಂದ ಕಿತ್ತಿಟ್ಟುಕೊಂಡಿದ್ದರು. ಅದನ್ನೇ ಆ ಗೀರುಗಳ ಮೂಲಕ ಗೋಡೆಗೆ ಬಿಟ್ಟರು. ಒಂದು ಕೆಂಪು ಚುಕ್ಕೆಯ ಬದಲು ಕೆಂಪು, ಕಪ್ಪು, ಕೆಂಪು, ಕಪ್ಪು ಎಂದು ಪಟ್ಟೆಗಳು ಸಾಲಾಗಿ ನಿಂತವು. ಅಲೆಯ ಉಬ್ಬಿಗೆ ಉಬ್ಬು ಸೇರಿದಲ್ಲಿ ಬೆಳಕು, ಉಬ್ಬಿಗೆ ತಗ್ಗು ಸೇರಿದಲ್ಲಿ ಕತ್ತಲೆ. ಇದೇ ವ್ಯತಿಕರಣ.

ನಾನು ಎದ್ದು ಕೇಳಿದೆ: "ಸರ್, ಪುತ್ತೂರು ಬಸ್ಸಿನಲ್ಲಿ ಹೋಗುವವನು ನೋಡಿದರೆ ಈ ಕಪ್ಪು ಗೆರೆ ಇದ್ದಲ್ಲಿ ಬೆಳಕು ಕಾಣ್ತದಾ?" ತರಗತಿ ಗೊಳ್ಳೆಂದು ನಕ್ಕಿತು. ಮಾಸ್ಟ್ರು ನಗಲಿಲ್ಲ. "ನನಗೂ ಗೊತ್ತಿಲ್ಲ ಮಾರಾಯ. ನಿನಗೆ ಗೊತ್ತಾದಾಗ ಹೇಳು" ಎಂದರು.

ಆಮೇಲೆ ಬಿ.ಇ. ಮುಗಿಸಿದೆ. ವ್ಯತಿಕರಣದ ಸೂತ್ರ ಬರೆದು ಅಂಕವನ್ನೂ ಪಡೆದೆ. ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಅದೇ ಪ್ರಶ್ನೆಯನ್ನು ದೊಡ್ಡವರು ನೂರು ವರ್ಷಗಳ ಹಿಂದೆಯೇ ಕೇಳಿದ್ದರೆಂದು ತಿಳಿದದ್ದು ಬಹಳ ತಡವಾಗಿ.

ಶಬ್ದಕ್ಕೆ ಗಾಳಿ ಇರುವಂತೆ ಬೆಳಕಿಗೆ 'ಈಥರ್' ಎಂಬ ಮಾಧ್ಯಮ ಇದೆಯೆಂದು ಹತ್ತೊಂಬತ್ತನೆಯ ಶತಮಾನದವರು ನಂಬಿದ್ದರು. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಓಡುತ್ತಿದೆ. ಹಾಗಾದರೆ ನಮಗೆ ಈಥರ್ ಹೊಳೆಯಂತೆ ಎದುರು ಹರಿಯಬೇಕಲ್ಲವೇ? ಪಯಸ್ವಿನಿಯಲ್ಲಿ ಈಜಿದವರಿಗೆ ಈ ಲೆಕ್ಕ ಸುಲಭ. ಹೊಳೆಯ ಅಗಲ 100 ಮೀಟರ್, ನೀರಿನ ಸೆಳೆತ ನಿಮಿಷಕ್ಕೆ 30 ಮೀಟರ್, ಈಜುವವನ ವೇಗ 50 ಎಂದಿಟ್ಟುಕೊಳ್ಳಿ. ನೇರ ಎದುರು ದಡ ಮುಟ್ಟಿ ಬರಲು 5 ನಿಮಿಷ ಸಾಕು. ಅಷ್ಟೇ ದೂರ ಮೇಲಕ್ಕೆ ಈಜಿ ಹಿಂದೆ ಬರಲು ಆರೂಕಾಲು ನಿಮಿಷ ಬೇಕು. ಬೆಳಕನ್ನೂ ಹೀಗೆ ಎರಡು ದಿಕ್ಕಿಗೆ ಅಟ್ಟಿ ಮತ್ತೆ ಸೇರಿಸಿದರೆ ಒಂದು ಹಿಂದೆ ಬೀಳಬೇಕು. ಉಪಕರಣವನ್ನು ತಿರುಗಿಸಿದಾಗ ಪಟ್ಟೆಗಳು ಸರಿಯಬೇಕು.

ಅಮೆರಿಕದ ಆಲ್ಬರ್ಟ್ ಮೈಕೆಲ್ಸನ್ ಮತ್ತು ಎಡ್ವರ್ಡ್ ಮಾರ್ಲೆ 1887ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಇದನ್ನು ಮಾಡಿ ನೋಡಿದರು. ದಪ್ಪ ಮರಳುಗಲ್ಲಿನ ಚಪ್ಪಡಿಯ ಮೇಲೆ ಕನ್ನಡಿಗಳು. ಅದುರದೆ ತಿರುಗಲೆಂದು ಚಪ್ಪಡಿಯನ್ನು ಪಾದರಸದ ಮೇಲೆ ತೇಲಿಬಿಟ್ಟಿದ್ದರು. ಒಂದು ಪಟ್ಟೆಯ ಅಗಲದ 0.4 ಭಾಗದಷ್ಟು ಸರಿತ ಕಾಣಬೇಕಿತ್ತು. ಸಿಕ್ಕಿದ್ದು ಅದರ ಇಪ್ಪತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಮೈಕೆಲ್ಸನ್‌ಗೆ ಇದರಿಂದ ಬೇಸರವೇ ಆಯಿತು.

1905ರಲ್ಲಿ ಐನ್‌ಸ್ಟೈನ್ ಈಥರನ್ನೇ ಬಿಟ್ಟುಬಿಟ್ಟರು. ಸಮವೇಗದಲ್ಲಿ ಸಾಗುವ ಯಾರು ಅಳೆದರೂ ಬೆಳಕಿನ ವೇಗ ಒಂದೇ. ಭೂಮಿಯ ಮೇಲಿದ್ದವನು "ಎರಡು ತೋಳೂ ಸಮ, ಬೆಳಕು ಒಟ್ಟಿಗೆ ಬಂತು" ಎನ್ನುತ್ತಾನೆ. ಪಕ್ಕದಲ್ಲಿ ಧಾವಿಸಿ ಹೋಗುವವನು "ಇಲ್ಲ, ಚಲನೆಯ ದಿಕ್ಕಿನ ತೋಳು ಕುಗ್ಗಿದೆ, ಆದ್ದರಿಂದ ಒಟ್ಟಿಗೆ ಬಂತು" ಎನ್ನುತ್ತಾನೆ. ಒಟ್ಟಿಗೆ ಬಂತು ಎಂಬಲ್ಲಿ ಇಬ್ಬರಿಗೂ ಜಗಳವಿಲ್ಲ. ಉಬ್ಬು, ತಗ್ಗು ಒಂದೇ ಜಾಗದಲ್ಲಿ ಒಂದೇ ಕ್ಷಣದಲ್ಲಿ ಕೂಡುವುದು ಒಂದು ಘಟನೆ. ಅದು ನಡೆಯಿತೋ ಇಲ್ಲವೋ ಎಂಬುದು ನೋಡುವವನ ವೇಗದಿಂದ ಬದಲಾಗುವುದಿಲ್ಲ. ಗೋಡೆಯ ಪಟ್ಟೆಗಳು ಓಡುವವನಿಗೆ ಇಕ್ಕಟ್ಟಾಗಿ ಕಂಡಾವು, ಆದರೆ ಸಂಖ್ಯೆ ಅಷ್ಟೇ. ತಿರುಗುವ ಚಲನೆಯ ಕತೆ ಬೇರೆ: 1913ರಲ್ಲಿ ಫ್ರಾನ್ಸಿನ ಸಾಗ್ನಾಕ್ ಉಪಕರಣವನ್ನು ತಿರುಗುವ ಮೇಜಿನ ಮೇಲಿಟ್ಟಾಗ ಪಟ್ಟೆಗಳು ನಿಜಕ್ಕೂ ಸರಿದವು. ವಿಮಾನಗಳ ಲೇಸರ್ ಗೈರೋಸ್ಕೋಪ್ ನಡೆಯುವುದು ಇದೇ ತತ್ತ್ವದ ಮೇಲೆ.

ನನಗೆ ಇದೆಲ್ಲ ಹೊಳೆದದ್ದು 2016ರ ಫೆಬ್ರವರಿಯಲ್ಲಿ, ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ. ಗುರುತ್ವದ ಅಲೆ ಸಿಕ್ಕಿದೆ ಎಂದು ಲೈಗೋ ವಿಜ್ಞಾನಿಗಳು ಘೋಷಿಸಿದ್ದರು. ಲೈಗೋ ಎಂದರೆ 4 ಕಿ.ಮೀ. ತೋಳುಗಳ ಮೈಕೆಲ್ಸನ್ ಉಪಕರಣವೇ. ಅಲೆ ಬಾರದಿದ್ದಾಗ ಹೊರಬರುವ ಬೆಳಕು ಬಹುಮಟ್ಟಿಗೆ ಕತ್ತಲೆಯೇ ಆಗಿರುವಂತೆ ಅದನ್ನು ಹೊಂದಿಸಿಡುತ್ತಾರೆ. 2015ರ ಸೆಪ್ಟೆಂಬರ್ 14ರಂದು ತೋಳಿನ ಉದ್ದ ಪ್ರೋಟಾನಿನ ವ್ಯಾಸದ ನೂರರಲ್ಲೊಂದು ಭಾಗಕ್ಕಿಂತಲೂ ಕಡಿಮೆ ಬದಲಾಯಿತು. ಆ ಕತ್ತಲೆಯಲ್ಲಿ ಬೆಳಕು ಮಿನುಗಿತು. ಅಲುಗಿದ ಕಪ್ಪುಕುಳಿ ಬಾರಿಸಿದ ಗಂಟೆಯಂತೆ ಅಲೆ ಹೊಮ್ಮಿಸಿ ಅಡಗುತ್ತದೆ ಎಂದು 1970ರಲ್ಲೇ ಲೆಕ್ಕ ಹಾಕಿದವರು ನಮ್ಮ ಬೆಂಗಳೂರಿನ ಸಿ. ವಿ. ವಿಶ್ವೇಶ್ವರ. ಅಲ್ಲಿನ ನೆಹರೂ ತಾರಾಲಯವನ್ನು ಕಟ್ಟಿದವರೂ ಅವರೇ. ಆ ತಾರಾಲಯಕ್ಕೆ ಎರಡು ಸಲ ಹೋಗಿಯೂ ಅವರು ಯಾರೆಂದು ನನಗೆ ಗೊತ್ತಿರಲಿಲ್ಲ.

ಈ ಸಂಚಿಕೆಗೆ ಬರೆಯುವ ಮೊದಲು ಮಾಸ್ಟ್ರಿಗೆ ಫೋನು ಮಾಡಿದೆ. ನಿವೃತ್ತರಾಗಿ ವರ್ಷಗಳಾದವು, ಕಿವಿ ಸ್ವಲ್ಪ ಮಂದ. ಬಸ್ಸಿನ ಪ್ರಶ್ನೆಗೆ ಉತ್ತರ ಸಿಕ್ಕಿದೆ ಎಂದು ಜೋರಾಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಗೆರೆ ಅಲ್ಲೇ ಇರ್ತದೆ, ಸರಿ. ಬಣ್ಣ?" ಎಂದರು. ನನಗೆ ತಕ್ಷಣ ಹೇಳಲಾಗಲಿಲ್ಲ. "ಬರೆದು ಕೊಡು" ಎಂದು ಫೋನಿಟ್ಟರು.

ಲೆಕ್ಕ ಹಾಕಿದ್ದೇನೆ, ಸರ್. ಪುತ್ತೂರು ಬಸ್ಸು ಸೆಕೆಂಡಿಗೆ ಸುಮಾರು 60,000 ಕಿ.ಮೀ. ವೇಗದಲ್ಲಿ ಗೋಡೆಯ ಎದುರಿನಿಂದ ಬಂದರೆ, ಒಳಗೆ ಕುಳಿತವರಿಗೆ ನಮ್ಮ ಕೆಂಪು ಪಟ್ಟೆಗಳು ಹಸಿರಾಗಿ ಕಾಣುತ್ತವೆ. ಕಪ್ಪು ಗೆರೆ ಆಗಲೂ ಕಪ್ಪೇ.